ಹೃದಯಕ್ಕೆ ದಿನಕ್ಕೊಂದು ಹಕ್ಕಿ, ಒಂದು ಪದ್ಯ, ಒಂದು ಗೆರೆ



ಈ ಸರಣಿಯಲ್ಲಿ ಇಷ್ಟು ದಿನ ಬಿಪಿ, ಶುಗರ್, ಕೊಲೆಸ್ಟ್ರಾಲ್, ಉಪ್ಪು, ಎಣ್ಣೆ, ನಡಿಗೆ ಅಂತೆಲ್ಲ ಮಾತಾಡಿದ್ದೇವೆ. ಈ ಸಲ ಯಾವ ಲ್ಯಾಬ್ ರಿಪೋರ್ಟಿನಲ್ಲೂ ಬರದ ಒಂದು ವಿಷಯ ತಗೊಂಡಿದ್ದೇನೆ: ದಿನದ ಖುಷಿ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಸಿಗುವ ಖುಷಿಯ ಮಾತಲ್ಲ ಇದು. ಕಿಟಕಿಗೆ ಬಂದ ಹಕ್ಕಿ, ಗಟ್ಟಿಯಾಗಿ ಓದಿದ ಒಂದು ಪದ್ಯ, ಕಾಗದದ ಮೇಲೆ ಎಳೆದ ನಾಲ್ಕು ಗೆರೆ ಕೊಡುವ ಸಣ್ಣ ಖುಷಿ.

"ಡಾಕ್ಟ್ರೇ, ಇದಕ್ಕೂ ಹಾರ್ಟಿಗೂ ಏನು ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧ ಇದೆ. ಎಷ್ಟಿದೆ ಎನ್ನುವುದನ್ನೂ ಎಷ್ಟಿಲ್ಲ ಎನ್ನುವುದನ್ನೂ ಹೇಳುತ್ತೇನೆ, ಪೂರ್ತಿ ಓದಿ.

*ಮಾತ್ರೆ ಸರಿಯಾಗಿದೆ, ಮನುಷ್ಯ ಕುಗ್ಗಿದ್ದಾರೆ*

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ. ನಗರ ಯಾವುದೇ ಇರಲಿ, ನಮ್ಮ ಕನ್ನಡ ಕುಟುಂಬಗಳಲ್ಲಿ ಮತ್ತೆ ಮತ್ತೆ ಕಾಣುವುದು ಹೀಗೆ. ಊರಲ್ಲಿದ್ದ ತಂದೆಗೆ ಹಾರ್ಟ್ ಅಟ್ಯಾಕ್ ಆಗುತ್ತದೆ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕುತ್ತಾರೆ. "ಇನ್ನು ನೀವಿಬ್ಬರೇ ಇರೋದು ಬೇಡ" ಎಂದು ಮಕ್ಕಳು ತಮ್ಮಲ್ಲಿಗೆ ಕರೆತರುತ್ತಾರೆ. ಏಳನೇ ಮಹಡಿಯ ಫ್ಲ್ಯಾಟು. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಹೊರಟುಬಿಟ್ಟರೆ ಮನೆ ಖಾಲಿ. ಕೆಳಗಿನ ವಾಚ್‌ಮನ್‌ಗೆ ಕನ್ನಡ ಬರುವುದಿಲ್ಲ, ಇವರಿಗೆ ಅವನ ಭಾಷೆ ಬರುವುದಿಲ್ಲ. ಇಡೀ ದಿನ ಟಿವಿ. ಸಂಜೆ ಮಗ ಬಂದವನೇ ಕೇಳುತ್ತಾನೆ, "ಅಪ್ಪಾ, ಮಾತ್ರೆ ತಗೊಂಡ್ರಾ?" "ಹ್ಞೂಂ ಕಣಪ್ಪ." ಅಲ್ಲಿಗೆ ಮಾತು ಮುಗಿಯಿತು.

ಚೆಕಪ್‌ಗೆ ಬಂದಾಗ ಇಸಿಜಿ ಪರವಾಗಿಲ್ಲ, ಎಕೋ ಪರವಾಗಿಲ್ಲ. ಆದರೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ನಾಲ್ಕು ಹೆಜ್ಜೆ ನಡೆಯಲೂ ಭಯ. ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಖಿನ್ನತೆ ಇರುವವರು ಮಾತ್ರೆ ತಪ್ಪಿಸುತ್ತಾರೆ, ವಾಕಿಂಗ್ ನಿಲ್ಲಿಸುತ್ತಾರೆ, ಬಿಟ್ಟಿದ್ದ ಬೀಡಿ-ಸಿಗರೇಟು ಮತ್ತೆ ಹಿಡಿಯುತ್ತಾರೆ. ಹೃದಯಾಘಾತದ ನಂತರದ ಖಿನ್ನತೆಯನ್ನು ಅಪಾಯದ ಅಂಶ ಎಂದೇ ಪರಿಗಣಿಸಬೇಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಹೇಳಿತು.

ಅದಕ್ಕೂ ಮೊದಲು, 2004ರಲ್ಲಿ, ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನ ಪ್ರಕಟವಾಯಿತು. 52 ದೇಶಗಳಲ್ಲಿ ನಡೆದದ್ದು. ಅದರ ನೇತೃತ್ವ ವಹಿಸಿದ್ದ ಡಾ. ಸಲೀಂ ಯೂಸುಫ್ ಎಂಬಿಬಿಎಸ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. ಹಾರ್ಟ್ ಅಟ್ಯಾಕ್ ಆದವರನ್ನೂ ಆಗದವರನ್ನೂ ಹೋಲಿಸಿ ಅವರು ಒಂಬತ್ತು ಅಂಶಗಳ ಪಟ್ಟಿ ಕೊಟ್ಟರು. ಸಿಗರೇಟು, ಕೊಲೆಸ್ಟ್ರಾಲ್, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು ನಿಮಗೆ ಗೊತ್ತೇ ಇದೆ. ಅದೇ ಪಟ್ಟಿಯಲ್ಲಿ ಮನಸ್ಸಿನ ಒತ್ತಡ ಮತ್ತು ಖಿನ್ನತೆಯೂ ಇತ್ತು.

ಇನ್ನು ಒಂಟಿತನ. ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ 2016ರಲ್ಲಿ ಬ್ರಿಟನ್ನಿನ ಸಂಶೋಧಕರು ಮಾಡಿದ ಲೆಕ್ಕದ ಪ್ರಕಾರ, ಒಂಟಿಯಾಗಿರುವವರಲ್ಲಿ, ಜನಸಂಪರ್ಕ ಕಡಿಮೆ ಇರುವವರಲ್ಲಿ ಹೃದ್ರೋಗದ ಅಪಾಯ ಶೇ. 29ರಷ್ಟು ಹೆಚ್ಚು. ಮನೆ ತುಂಬ ಜನ ಇದ್ದೂ ಹಗಲೆಲ್ಲ ಒಬ್ಬರೇ ಕೂರುವ ಹಿರಿಯರನ್ನು ನೆನೆದರೆ ಇದು ನಮ್ಮದೇ ಮನೆಯ ಲೆಕ್ಕ ಅನಿಸುತ್ತದೆ.

*ಇದು ವಯಸ್ಸಾದವರಿಗೆ ಮಾತ್ರವಲ್ಲ*

"ನನಗೆ ಇದಕ್ಕೆಲ್ಲ ಟೈಮಿಲ್ಲ, ರಿಟೈರ್ ಆದಮೇಲೆ ನೋಡೋಣ" ಎನ್ನುವ ನಲವತ್ತು-ಐವತ್ತರ ಓದುಗರಿಗೆ ಒಂದು ಸಂಖ್ಯೆ ಹೇಳಬೇಕು. ಅದೇ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಆದದ್ದು ಸರಾಸರಿ 53ನೇ ವಯಸ್ಸಿನ ಆಸುಪಾಸಿನಲ್ಲಿ. ಉಳಿದ ದೇಶದವರಿಗೆ ಸುಮಾರು 59. ಅಂದರೆ ನಮ್ಮಲ್ಲಿ ಎಷ್ಟೋ ಜನರಿಗೆ ಅಟ್ಯಾಕ್ ಬರುವುದು ರಿಟೈರ್‌ಮೆಂಟಿಗೆ ಮುಂಚೆ. ಖುಷಿಯನ್ನು ಪೆನ್ಷನ್ ಜೊತೆ ತಗೊಳ್ಳೋಣ ಎಂದು ಇಟ್ಟರೆ ಲೆಕ್ಕ ತಪ್ಪುತ್ತದೆ.

*ಒಳಗೆ ಏನಾಗುತ್ತದೆ?*

ನಮ್ಮ ಹೃದಯಕ್ಕೆ ಎರಡು ಬಗೆಯ ನರಗಳ ಹಿಡಿತ ಇದೆ. ಒಂದು ಗಾಡಿಯ ಆಕ್ಸಿಲರೇಟರ್ ಇದ್ದಂತೆ. ಟ್ರಾಫಿಕ್, ಬಾಸ್ ಫೋನು, ಇಎಂಐ ಚಿಂತೆ ಬಂದಾಗ ಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಹೆಚ್ಚುತ್ತದೆ. ಇನ್ನೊಂದು ಬ್ರೇಕ್ ಇದ್ದಂತೆ, ಅದರ ಹೆಸರು ವೇಗಸ್ ನರ. ನಿಧಾನವಾಗಿ ಉಸಿರು ಬಿಟ್ಟಾಗ, ಮನಸ್ಸು ಒಂದು ಕಡೆ ಹಾಯಾಗಿ ನಿಂತಾಗ ಅದು ಕೆಲಸ ಮಾಡುತ್ತದೆ. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಬರೀ ಆಕ್ಸಿಲರೇಟರ್ ಒತ್ತಿಕೊಂಡೇ ಇರುವ ಗಾಡಿಯ ಗತಿ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಮನಸ್ಸಿನ ಪೆಟ್ಟು ನೇರವಾಗಿ ಹೃದಯಕ್ಕೆ ಬೀಳಬಲ್ಲದು ಎನ್ನುವುದಕ್ಕೆ ಟಾಕೋತ್ಸುಬೋ ಎಂಬ ಕಾಯಿಲೆಯೇ ಸಾಕ್ಷಿ. 1990ರಲ್ಲಿ ಜಪಾನಿನ ವೈದ್ಯರು ಇದನ್ನು ವಿವರಿಸಿದರು. ಹತ್ತಿರದವರು ತೀರಿಕೊಂಡಂಥ ದೊಡ್ಡ ಆಘಾತದ ಬೆನ್ನಿಗೇ ಹೃದಯದ ಒಂದು ಭಾಗ ಉಬ್ಬಿ ಸರಿಯಾಗಿ ಹಿಂಡುವುದನ್ನು ನಿಲ್ಲಿಸುತ್ತದೆ. ಎದೆನೋವು, ಇಸಿಜಿ ಎಲ್ಲ ಅಟ್ಯಾಕಿನಂತೆಯೇ. ಆದರೆ ಆಂಜಿಯೋಗ್ರಾಮ್ ಮಾಡಿದರೆ ಆ ತೊಂದರೆಗೆ ಕಾರಣವಾಗುವಂಥ ಬ್ಲಾಕ್ ಕಾಣುವುದಿಲ್ಲ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು.

ಹಾಗೆಂದು ಹಕ್ಕಿ ನೋಡಿದರೆ ಬ್ಲಾಕೇಜ್ ಕರಗುತ್ತದೆ, ಕವಿತೆ ಓದಿದರೆ ಬಿಪಿ ಮಾತ್ರೆ ಬಿಡಬಹುದು ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ. ಅದು ಸುಳ್ಳು. ಈ ಖುಷಿಗಳು ಔಷಧಿಯ ಜಾಗ ತುಂಬುವುದಿಲ್ಲ. ಔಷಧಿ ತಗೊಂಡು ಬದುಕುವ ಮನುಷ್ಯನಿಗೆ ದಿನ ಕಳೆಯಲು ಒಂದು ಕಾರಣ ಕೊಡುತ್ತವೆ. ಕಾರಣ ಇದ್ದವರು ಎದ್ದು ಕೂರುತ್ತಾರೆ, ನಡೆಯುತ್ತಾರೆ, ಮಾತ್ರೆಯನ್ನೂ ಸಮಯಕ್ಕೆ ತಗೊಳ್ಳುತ್ತಾರೆ.

*ಮೊದಲನೆಯದು: ಹಕ್ಕಿ*

ಊರ ಮನೆಗೆ ಹಿತ್ತಿಲಿತ್ತು, ನುಗ್ಗೆ ಮರ, ಪೇರಲೆ ಮರ ಇತ್ತು. ಇಲ್ಲಿ ನಾಲ್ಕಡಿ ಬಾಲ್ಕನಿ. ಆದರೂ ಹಕ್ಕಿ ಬರುತ್ತದೆ.

ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಸುಮಾರು 1300 ಜನರ ಮೊಬೈಲಿಗೆ ಒಂದು ಆ್ಯಪ್ ಹಾಕಿಸಿ, ದಿನದಲ್ಲಿ ಹಲವು ಸಲ "ಈಗ ಹಕ್ಕಿ ಕಾಣಿಸುತ್ತಿದೆಯಾ, ಕೇಳಿಸುತ್ತಿದೆಯಾ, ಮನಸ್ಸು ಹೇಗಿದೆ" ಎಂದು ಕೇಳಿದರು. 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಕ್ಕಿ ಕಂಡಾಗ, ಕೇಳಿದಾಗ ಜನರ ಮನಸ್ಸು ಹಗುರಾಗಿತ್ತು, ಆ ಪರಿಣಾಮ ಎಂಟು ಗಂಟೆಯವರೆಗೂ ಇರುತ್ತಿತ್ತು. ಖಿನ್ನತೆ ಇರುವವರಲ್ಲೂ ಇದು ಕಂಡಿತು.

ಶುರು ಮಾಡುವುದು ಹೀಗೆ. ಬೆಳಿಗ್ಗೆ ಹತ್ತು ನಿಮಿಷ ಕಿಟಕಿಯ ಬಳಿ ಕುರ್ಚಿ ಹಾಕಿ ಕುಳಿತುಕೊಳ್ಳಿ. ಕಾಫಿ ಕೈಯಲ್ಲಿರಲಿ, ಮೊಬೈಲ್ ಒಳಗಿರಲಿ. ಮೊದಲ ವಾರ ಐದೇ ಹಕ್ಕಿ ಗುರುತಿಸಿದರೆ ಸಾಕು. ಕಾಗೆ, ಗೊರವಂಕ, ಗಿಳಿ ನಿಮಗೆ ಗೊತ್ತಿರುವುದೇ. ತಲೆ ಕಪ್ಪಗಿದ್ದು ಬಾಲದ ಬುಡದಲ್ಲಿ ಕೆಂಪು ಇದ್ದರೆ ಅದು ಪಿಕಳಾರ. ದಾಸವಾಳದ ಹೂವಿಗೆ ಬಂದು ಮಕರಂದ ಹೀರುವ ಪುಟ್ಟ, ಬಾಗಿದ ಕೊಕ್ಕಿನದು ಸೂರಕ್ಕಿ. ಕಂಚುಗಾರ ತಟ್ಟಿದ ಹಾಗೆ ಬಿಸಿಲಲ್ಲಿ "ಟೊಂಕ್, ಟೊಂಕ್" ಎನ್ನುತ್ತಿದ್ದರೆ ಅದು ಪುಟ್ಟ ಹಸಿರು ಕುಟ್ರು ಹಕ್ಕಿ. ಬೇಸಿಗೆಯಲ್ಲಿ "ಕುಹೂ" ಎಂದು ಕೂಗುವುದು ಗಂಡು ಕೋಗಿಲೆ, ಮೈಯೆಲ್ಲ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ. ದೆಹಲಿಯವರಿಗೆ ಒಂದು ಮಾತು: ನಮ್ಮ ಗುಬ್ಬಚ್ಚಿಯೇ 2012ರಿಂದ ನಿಮ್ಮ ರಾಜ್ಯದ ಪಕ್ಷಿ.

ಇದರಲ್ಲಿ ಅಜ್ಜ-ಅಜ್ಜಿಗೇ ಮೇಲುಗೈ. ಹಕ್ಕಿಯ ಕನ್ನಡ ಹೆಸರು, ಅದು ಎಲ್ಲಿ ಗೂಡು ಕಟ್ಟುತ್ತದೆ ಎನ್ನುವುದು ಅವರಿಗೆ ಗೊತ್ತು. ಮೊಮ್ಮಗಳ ಮೊಬೈಲಿನಲ್ಲಿ ಮರ್ಲಿನ್ ಎಂಬ ಉಚಿತ ಆ್ಯಪ್ ಇದ್ದರೆ ಅದು ಹಕ್ಕಿಯ ಕೂಗು ಕೇಳಿ ಹೆಸರು ಸೂಚಿಸುತ್ತದೆ. ಇಬ್ಬರೂ ಸೇರಿ ಹುಡುಕಲಿ. ಪೂರ್ಣಚಂದ್ರ ತೇಜಸ್ವಿಯವರ "ಕನ್ನಡ ನಾಡಿನ ಹಕ್ಕಿಗಳು" ಪುಸ್ತಕ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಅದರಲ್ಲಿರುವ ಎಷ್ಟೋ ಹಕ್ಕಿಗಳು ಪುಣೆಯಲ್ಲೂ ಹೈದರಾಬಾದಿನಲ್ಲೂ ಸಿಗುತ್ತವೆ.

ಎರಡು ಎಚ್ಚರಿಕೆ. ಒಂದು, ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಕಾಳು ಹಾಕಬೇಡಿ. ಅದರ ಹಿಕ್ಕೆ ಮತ್ತು ಪುಕ್ಕದ ಧೂಳು ಕೆಲವರ ಶ್ವಾಸಕೋಶವನ್ನು ಹಾಳು ಮಾಡುತ್ತದೆ. ಶ್ವಾಸಕೋಶ ಗಟ್ಟಿಯಾದರೆ ಹೃದಯದ ಬಲಭಾಗಕ್ಕೂ ಹೊರೆ. ಒಣಗಿದ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ, ಮಾಸ್ಕ್ ಹಾಕಿ, ನೀರು ಚಿಮುಕಿಸಿ ಒರೆಸಿ. ಎರಡು, ನೀರಿಡುವುದಾದರೆ ಎರಡಿಂಚು ಆಳದ ಮಣ್ಣಿನ ತಟ್ಟೆ ಸಾಕು. ದಿನಾ ತೊಳೆದು ಬದಲಿಸಿ, ಇಲ್ಲದಿದ್ದರೆ ಹಕ್ಕಿಗಿಂತ ಮೊದಲು ಡೆಂಗಿ ಸೊಳ್ಳೆ ಬರುತ್ತದೆ.

*ಎರಡನೆಯದು: ಪದ್ಯ*

ಪದ್ಯವನ್ನು ಮನಸ್ಸಿನಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಕಾರಣ ಉಸಿರಿನಲ್ಲಿದೆ. ಸಾಲು ದೊಡ್ಡದಾದಷ್ಟೂ ಉಸಿರು ಬಿಡುವ ಸಮಯ ಹೆಚ್ಚಾಗುತ್ತದೆ. ಉಸಿರು ನಿಧಾನವಾಗಿ ಹೊರಹೋಗುವಾಗ ಹೃದಯದ ಬಡಿತ ಸ್ವಲ್ಪ ಇಳಿಯುತ್ತದೆ. ಆಗಲೇ ಹೇಳಿದ ಬ್ರೇಕ್ ಕೆಲಸ ಮಾಡುತ್ತಿದೆ ಎಂದರ್ಥ. 2001ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಮತ್ತು ಯೋಗದ ಮಂತ್ರ ಎರಡನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಬಿಪಿ ನಿಯಂತ್ರಿಸುವ ದೇಹದ ವ್ಯವಸ್ಥೆ ಚುರುಕಾಯಿತು. 2004ರಲ್ಲಿ ಇನ್ನೊಂದು ತಂಡ ಹೋಮರ್ ಕವಿಯ ಕಾವ್ಯವನ್ನು ಲಯಬದ್ಧವಾಗಿ ಹೇಳಿಸಿದಾಗ ಉಸಿರಿನ ಏರಿಳಿತ ಮತ್ತು ಬಡಿತದ ಏರಿಳಿತ ಒಂದಕ್ಕೊಂದು ಹೊಂದಿಕೊಂಡವು.

ನಮ್ಮಲ್ಲಿ ಇದಕ್ಕೆ ಬೇಕಾದ ಸರಕು ಬೇಕಾದಷ್ಟಿದೆ. ಕುಮಾರವ್ಯಾಸ ಬರೆದ ಭಾಮಿನಿ ಷಟ್ಪದಿಗೆ ಆರು ಸಾಲು. ಮೂರು-ನಾಲ್ಕು, ಮೂರು-ನಾಲ್ಕು ಎಂದು ಮಾತ್ರೆಗಳ ಗಣ ನಡೆಯುತ್ತದೆ. ಒಂದು, ಎರಡು, ನಾಲ್ಕು, ಐದನೇ ಸಾಲು 14 ಮಾತ್ರೆ, ಮೂರು ಮತ್ತು ಆರನೆಯದು 23. ಎರಡು ಚಿಕ್ಕ ಉಸಿರು, ಆಮೇಲೆ ಒಂದು ದೀರ್ಘ ಉಸಿರು. ನಾವು ಬರೆದುಕೊಡುವ ಮಾತ್ರೆಯ ಜೊತೆಗೆ ಈ ಮಾತ್ರೆಯೂ ಇರಲಿ. ಇದನ್ನು ರಾಗದಲ್ಲಿ ಓದುವ ಗಮಕ ಕಲೆ ನಮ್ಮಲ್ಲಿ ಇಂದಿಗೂ ಜೀವಂತ. ಶಿವಮೊಗ್ಗ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದ ರೆಕಾರ್ಡಿಂಗುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಸಂಜೆ ನ್ಯೂಸ್ ಚಾನೆಲ್ಲಿನ ಜಗಳದ ಬದಲು ಹಾಕಿ ನೋಡಿ.

ಷಟ್ಪದಿ ಕಷ್ಟ ಎನ್ನುವವರಿಗೆ ಡಿವಿಜಿಯವರ ಮಂಕುತಿಮ್ಮನ ಕಗ್ಗ ಇದೆ. ಪ್ರಕಟವಾದದ್ದು 1943ರಲ್ಲಿ. ಒಟ್ಟು 945 ಪದ್ಯ, ಒಂದೊಂದಕ್ಕೆ ನಾಲ್ಕೇ ಸಾಲು. ದಿನಕ್ಕೊಂದು ಓದಿದರೆ ಎರಡೂವರೆ ವರ್ಷಕ್ಕೆ ಆಗುತ್ತದೆ. ಅದೂ ಬೇಡವೆಂದರೆ ಒಂದು ವಚನ, ಒಂದು ದಾಸರ ಪದ, ಅಜ್ಜಿ ಹೇಳುತ್ತಿದ್ದ ಬೀಸುಕಲ್ಲಿನ ಪದ. ಅರ್ಥ ಪೂರ್ತಿ ಆಗಬೇಕೆಂದಿಲ್ಲ.

ಹೊರನಾಡಿನಲ್ಲಿ ಇದರ ಇನ್ನೊಂದು ಲಾಭ ನಿಮಗೇ ಗೊತ್ತು. ಕನ್ನಡ ಓದಲು ಬಾರದ ನಮ್ಮ ಮಕ್ಕಳು ಕಿವಿಯಿಂದ ಕಲಿಯುತ್ತಾರೆ. "ಅಮ್ಮಾ, ನೀವು ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದ ಒಂದು ಪದ್ಯ ಹೇಳಿ" ಎಂದು ಕೇಳಿ. ಎಪ್ಪತ್ತರ ಅಮ್ಮ ಒಂದೂ ಸಾಲು ತಪ್ಪದೆ ಹೇಳುವುದನ್ನು ಕೇಳಿ ಮೊಮ್ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ಭಾನುವಾರ ಕರೆದೊಯ್ಯಲು ಮಾಟುಂಗದ ಮೈಸೂರು ಅಸೋಸಿಯೇಷನ್, ದೆಹಲಿ ಕರ್ನಾಟಕ ಸಂಘದಂಥ ಜಾಗಗಳಿವೆ. ನಿಮ್ಮ ನಗರದ ಕನ್ನಡ ಸಂಘದ ಕಾರ್ಯಕ್ರಮಗಳನ್ನು ವಿಚಾರಿಸಿ. ಅಲ್ಲಿ ಸಿಗುವ ನಾಲ್ಕು ಜನರ ಮಾತೂ ಒಂಟಿತನಕ್ಕೆ ಮದ್ದು.

*ಮೂರನೆಯದು: ಗೆರೆ*

"ನನಗೆ ಚಿತ್ರ ಬರೆಯೋಕೆ ಬರಲ್ಲ" ಎಂದು ಹೇಳುವವರೇ ಹೆಚ್ಚು. ಚೆನ್ನಾಗಿ ಬರಬೇಕೆಂದು ಯಾರು ಹೇಳಿದರು? ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ತಂಡದವರು 39 ಮಂದಿಗೆ ಬಣ್ಣ, ಕಾಗದ, ಜೇಡಿಮಣ್ಣು ಕೊಟ್ಟು 45 ನಿಮಿಷ ಏನು ಬೇಕಾದರೂ ಮಾಡಿ ಎಂದರು. ಮೊದಲು ಮತ್ತು ಕೊನೆಗೆ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದರು, ಅದು ಒತ್ತಡದ ಹಾರ್ಮೋನು. ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಇಳಿದಿತ್ತು. ಮೊದಲೇ ಚಿತ್ರ ಬರೆದು ಅನುಭವ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. 2016ರ ಅಧ್ಯಯನ ಇದು. ಸಣ್ಣದೇ, ಆದರೆ "ನನಗೆ ಬರಲ್ಲ" ಎನ್ನುವವರಿಗೆ ಒಳ್ಳೆಯ ಉತ್ತರ.

ಅಲ್ಲದೆ ನಮ್ಮ ಮನೆಯ ಹೆಂಗಸರು ದಿನಾ ಬೆಳಿಗ್ಗೆ ಚುಕ್ಕಿ ಇಟ್ಟು ರಂಗೋಲಿ ಹಾಕುವುದು ಚಿತ್ರವಲ್ಲದೆ ಮತ್ತೇನು? ಫ್ಲ್ಯಾಟಿನ ಬಾಗಿಲಲ್ಲಿ ಸ್ಟಿಕ್ಕರ್ ಅಂಟಿಸಿ ಅದನ್ನು ಬಿಟ್ಟಿದ್ದರೆ ಮತ್ತೆ ಶುರು ಮಾಡಿ. ಒಂದೇ ಷರತ್ತು: ಬೈಪಾಸ್ ಆದವರು ಎದೆಮೂಳೆ ಕೂಡಿಕೊಳ್ಳುವ ತನಕ, ಅಂದರೆ ಎರಡು-ಮೂರು ತಿಂಗಳು, ನೆಲದ ಮೇಲೆ ಕೂತು ಕೈ ಊರಿ ಏಳಬಾರದು. ಅಲ್ಲಿಯವರೆಗೆ ಮೇಜಿನ ಮೇಲೆ, ನೋಟ್‌ಬುಕ್ಕಿನಲ್ಲಿ ರಂಗೋಲಿ ಹಾಕಿ.

ಹಕ್ಕಿ ಮತ್ತು ಗೆರೆ ಎರಡನ್ನೂ ಸೇರಿಸಿದವರು ಆರ್.ಕೆ. ಲಕ್ಷ್ಮಣ್. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿ ಬೆಳೆದು, ಮುಂಬೈಯಲ್ಲಿ ದುಡಿದು, ಪುಣೆಯಲ್ಲಿ 2015ರಲ್ಲಿ ತೀರಿಕೊಂಡವರು, ನಮ್ಮ ಹಾಗೆಯೇ ಊರು ಬಿಟ್ಟು ಬಂದವರು. "ಕಾಮನ್ ಮ್ಯಾನ್" ಎಲ್ಲರಿಗೂ ಗೊತ್ತು. ಆದರೆ ಚಿಕ್ಕಂದಿನಿಂದ ಅವರಿಗೆ ಅಚ್ಚುಮೆಚ್ಚು ಕಾಗೆ. ಕಾಗೆಯ ಚಿತ್ರಗಳನ್ನೇ ರಾಶಿ ರಾಶಿ ಬರೆದರು. ನವಿಲಿಲ್ಲ, ರಾಜಹಂಸವಿಲ್ಲ, ಯಾರೂ ತಿರುಗಿ ನೋಡದ ಕಾಗೆ. 2003ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಆಮೇಲೂ ಅವರು ಚಿತ್ರ ಬರೆದರು. ನಿಮ್ಮ ಕಿಟಕಿಗೆ ಬರುವುದು ಬರೀ ಕಾಗೆ ಎಂದು ಬೇಸರ ಮಾಡಿಕೊಂಡರೆ ಅವರನ್ನು ನೆನೆಸಿಕೊಳ್ಳಿ.

ನೂರು ರೂಪಾಯಿ ಒಳಗೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಬರುತ್ತದೆ. ಬೆಳಿಗ್ಗೆ ಕಂಡ ಹಕ್ಕಿಯನ್ನು ಐದು ನಿಮಿಷದಲ್ಲಿ ಬರೆಯಿರಿ, ಪಕ್ಕದಲ್ಲಿ ತಾರೀಖು ಹಾಕಿ. ಚಿತ್ರ ಗುಬ್ಬಚ್ಚಿಯ ಬದಲು ಬದನೆಕಾಯಿಯ ಹಾಗೆ ಬಂದರೂ ಪರವಾಗಿಲ್ಲ. ಬರೆಯಬೇಕೆಂದರೆ ಸರಿಯಾಗಿ ನೋಡಬೇಕು, ನೋಡುತ್ತಿರುವಷ್ಟು ಹೊತ್ತು ಚಿಂತೆ ಹಿಂದೆ ಸರಿಯುತ್ತದೆ.

*ಮರೆಯಬಾರದ ಮಾತುಗಳು*

1. ಸ್ಟೆಂಟ್ ಆದವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು.

2. ಎದೆಯಲ್ಲಿ ಒತ್ತಿದ ಹಾಗೆ ನೋವು, ಎಡಗೈಗೆ ಅಥವಾ ದವಡೆಗೆ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಕಂಡರೆ ಗ್ಯಾಸ್ ಎಂದು ಕೂರಬೇಡಿ. 112ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ ಆಂಬುಲೆನ್ಸಿಗೆ 108 ಇದೆ.

3. ದೆಹಲಿಯವರು ಚಳಿಗಾಲದಲ್ಲಿ ಹೊಗೆ ಮಂಜು ಕವಿದ ಮುಂಜಾನೆ ಹಕ್ಕಿ ನೋಡಲು ಹೊರಗೆ ಹೋಗಬೇಡಿ, ಆ ಗಾಳಿ ಹೃದಯಕ್ಕೆ ಕೆಟ್ಟದ್ದು. ಕಿಟಕಿ ಮುಚ್ಚಿ ಒಳಗಿನಿಂದಲೇ ನೋಡಿ. ಚೆನ್ನೈ, ಹೈದರಾಬಾದಿನವರು ಏಪ್ರಿಲ್-ಮೇ ಬಿಸಿಲಲ್ಲಿ ಎಂಟು ಗಂಟೆಯೊಳಗೆ ಮುಗಿಸಿ. ನೀರು ಹೋಗುವ ಮಾತ್ರೆ ತಗೊಳ್ಳುವವರು ಇನ್ನೂ ಜಾಗ್ರತೆ.

4. ಎರಡು ವಾರಕ್ಕಿಂತ ಹೆಚ್ಚು ದಿನ ಮಂಕಾಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಅದಕ್ಕೆ ಹಕ್ಕಿ, ಪದ್ಯ ಸಾಲದು. ನಿಮ್ಮ ವೈದ್ಯರಿಗೆ ಹೇಳಿ, ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಉಚಿತ. ಇದರ ಪ್ರಮುಖ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡುವ ಅವಕಾಶ ಇದೆ.

*ಎರಡನೇ ಪ್ರಶ್ನೆ*

ಇಷ್ಟೆಲ್ಲ ಹೇಳಿದ್ದರಲ್ಲಿ ನೀವು ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ. ಮನೆಯ ಹಿರಿಯರಿಗೆ, ಊರಲ್ಲಿರುವ ಅಪ್ಪ-ಅಮ್ಮನಿಗೆ ಫೋನಿನಲ್ಲಿ, "ಮಾತ್ರೆ ತಗೊಂಡ್ರಾ?" ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಇವತ್ತು ಯಾವ ಹಕ್ಕಿ ಬಂದಿತ್ತು?" ಅಥವಾ "ಇವತ್ತು ಯಾವ ಪದ್ಯ ಓದಿದ್ರಿ? ನನಗೂ ಸ್ವಲ್ಪ ಹೇಳಿ." ಮೊದಲ ಪ್ರಶ್ನೆ ಅವರನ್ನು ರೋಗಿಯಾಗಿ ನೋಡುತ್ತದೆ. ಎರಡನೆಯದಕ್ಕೆ ಉತ್ತರ ಹೇಳಬೇಕೆಂದರೆ ಅವರು ಆ ದಿನ ಕಿಟಕಿಯ ಬಳಿ ಕೂತಿರಬೇಕು, ಪುಸ್ತಕ ತೆರೆದಿರಬೇಕು. ನಿಮಗೆ ಹೇಳಲೆಂದೇ ಅವರು ನೋಡಲು ಶುರು ಮಾಡುತ್ತಾರೆ.

ಹೆಂಡತಿಗೆ ಗಂಡ, ಗಂಡನಿಗೆ ಹೆಂಡತಿಯೂ ಇದನ್ನು ಕೇಳಬಹುದು. ಇಡೀ ಮನೆಯ ಮಾತ್ರೆ-ಪಥ್ಯ ನೋಡಿಕೊಳ್ಳುವ ಮನೆಯಾಕೆಯನ್ನು ಈ ಪ್ರಶ್ನೆ ಯಾರೂ ಕೇಳಿರುವುದಿಲ್ಲ. ಅವರಿಗೂ ಬೆಳಗಿನ ಹತ್ತು ನಿಮಿಷ ಬಿಡುವು ಮಾಡಿಕೊಡಿ, ಆ ಹೊತ್ತಿನ ಕಾಫಿ ನೀವು ಮಾಡಿ.

ನಾಳೆ ಬೆಳಿಗ್ಗೆ ನಿಮ್ಮ ಕಿಟಕಿಗೆ ಬಂದ ಹಕ್ಕಿ ಯಾವುದು ಎಂದು ಈ ಗ್ರೂಪಿನಲ್ಲಿ ಕನ್ನಡದ ಹೆಸರಿನಲ್ಲೇ ಬರೆಯಿರಿ. ಮನೆಯಲ್ಲಿ ಹಿರಿಯರಿರುವ ನಿಮ್ಮ ಬಂಧು-ಬಳಗಕ್ಕೂ ಇದನ್ನು ಕಳಿಸಿ. ಮುಂದಿನ ಕಂತಿನಲ್ಲಿ ಭೇಟಿಯಾಗೋಣ. ಅಲ್ಲಿಯವರೆಗೆ ಮಾತ್ರೆ ಮರೆಯಬೇಡಿ, ಹಕ್ಕಿಯನ್ನೂ ಮರೆಯಬೇಡಿ.